ಬಿಂದಿಗೆ ಇಳಿಸಿದ ಕಲ್ಲು

ಮುನಿಗಂಗಮ್ಮ ಗಂಡನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಪೊರಕೆಕಡ್ಡಿಯ ತುದಿಯಿಂದ ಉಗುರಿನ ಸಂದಿಯ ಕಲ್ಲುಪುಡಿಯನ್ನು ಕೆದಕಿ ತೆಗೆಯುತ್ತಿದ್ದಳು. ಹೆಬ್ಬೆರಳು ಮುಗಿದಿತ್ತು, ತೋರುಬೆರಳೂ ಮುಗಿದಿತ್ತು. ನಡುಬೆರಳಿನ ಉಗುರು ಎಂದೋ ಸುತ್ತಿಗೆಯ ಪೆಟ್ಟಿಗೆ ಸೀಳಿ ಎರಡಾಗಿ ಬೆಳೆದದ್ದು. ಅದರ ನಡುವಿನ ಪುಡಿ ಮಾತ್ರ ಏನು ಮಾಡಿದರೂ ಬರಲೊಲ್ಲದು.

"ಬುಡಕ್ಕ, ಅದು ಬರಲ್ಲ," ಎಂದಳು ಬಿಸಿನೀರಿನ ಚೆಂಬು ಹಿಡಿದು ಪಕ್ಕದಲ್ಲಿ ಕೂತಿದ್ದ ನೆರೆಮನೆಯ ರಾಮಕ್ಕ. "ನಲವತ್ತು ವರ್ಸದ ಪುಡಿ. ಮೈಗೆ ಹತ್ತೋಗೈತೆ."

"ಮಣ್ಣಿಗೆ ಹೋಗೋವಾಗ ಕೈ ಸುದ್ದವಾಗಿರಬೇಕು ಕಣೆ."

"ಮಣ್ಣಿಗೆ ಕಲ್ಲುಪುಡಿ ಏನು ಹೊಸದಾ? ಅದರ ಮಗೂನೇ ಅಲ್ವ ಅದು?"

ಮುನಿಗಂಗಮ್ಮನಿಗೆ ನಗು ಬಂತು. ಗಂಡ ಸತ್ತ ಬೆಳಗ್ಗೆ ನಗು ಬರಬಹುದು ಎಂದು ಅವಳು ಎಣಿಸಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಗೇ ಕಣ್ಣನ್ನೂ ಒರೆಸಿಕೊಂಡಳು.

ಕದಿರಪ್ಪನನ್ನು ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ನಾಲ್ಕು ದಿನದ ಜ್ವರಕ್ಕೆ ಮುಖ ಸಣ್ಣಗಾಗಿತ್ತೇ ಹೊರತು ಭುಜಗಳು ಹಾಗೇ ಇದ್ದವು. ಗಲ್ಲಕ್ಕೂ ತಲೆಗೂ ಸೇರಿಸಿ ಕಟ್ಟಿದ್ದ ಬಿಳಿಬಟ್ಟೆ ಎರಡು ಕಿವಿಗಳನ್ನೂ ಮುಚ್ಚಿತ್ತು. ಬಂದವರೆಲ್ಲ ಆ ಕಿವಿಗಳ ಮಾತನ್ನೇ ಆಡುತ್ತಿದ್ದರು.

"ಮನುಸ್ಯರ ಮಾತು ಕೇಳ್ತಾನೇ ಇರ್ಲಿಲ್ಲ ಕಣಪ್ಪ. ಮಳೆ ಬತ್ತದೆ ಒಳಿಕ್ಕೆ ಬಾ ಅಂದ್ರೆ, ಹೂಂ ನಾನೂ ಉಂಡೆ ಅನ್ನೋನು," ಎಂದು ಅಂಗಳದ ಹೊಂಗೆಮರದ ಕೆಳಗೆ ಯಾರೋ ಹೇಳಿದರು.

"ಕಲ್ಲಿನ ಮಾತು ಕೇಳ್ತಿತ್ತಲ್ಲ! ಅಷ್ಟಿದ್ರೆ ಸಾಲ್ದಾ? ನಿಮ್ಮಾತು ಕೇಳಿ ಯಾರ್‍ಗೇನಾಗ್ಬೇಕು?" ಎಂದ ಕೊಂಡಪ್ಪ. ಅವನ ಬಲಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ಎಂಟು ವರ್ಷದಿಂದ ಕುಲುಮೆಯ ಮುಂದೆ ಕೂತು ಉಳಿ ತಟ್ಟುವುದು ಅವನ ಕೆಲಸ. ಒಂದು ಕಾಲು ಹೋದದ್ದಕ್ಕೆ ಮೆಟ್ಟಿನ ಖರ್ಚು ಅರ್ಧ ಉಳಿಯಿತು ಎಂದು ಸಂತೆಯಲ್ಲಿ ಎಲ್ಲರನ್ನೂ ನಗಿಸುವವನು ಇವತ್ತು ನಗಿಸಲು ಹೋಗಲಿಲ್ಲ. ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಗುಟ್ಟೆಯ ಕಡೆ ನೋಡುತ್ತಿದ್ದ.

ಗುಟ್ಟೆಯಲ್ಲಿ ಸದ್ದಿರಲಿಲ್ಲ. ಗುಮ್ಮಳಾಪುರಕ್ಕೆ ಮೂರು ಮೈಲಿ ದೂರದ ಕರಡಿಗುಟ್ಟೆ ಅಂದರೆ ಹದಿನಾರು ಮನೆ, ಹಿಂದೆ ಒಂದು ಬೋಳು ಬಂಡೆಗುಡ್ಡ, ಅದೇ ಗುಟ್ಟೆ. ಹೊಲದ ಕೆಲಸ ಮುಗಿದ ಮೇಲೆ ಊರಿನ ಗಂಡಸರೆಲ್ಲ ಆ ಬಂಡೆಯಿಂದಲೇ ಉಣ್ಣುವವರು. ಬೆಳಕು ಹರಿದರೆ ಹತ್ತು ಸುತ್ತಿಗೆಯ ಸದ್ದು. ಇವತ್ತು ಅಷ್ಟೂ ಸುತ್ತಿಗೆಗಳು ಮನೆಮನೆಯ ಮೂಲೆಯಲ್ಲಿ ಕೂತಿದ್ದವು. ಆ ನಿಶ್ಶಬ್ದದಲ್ಲಿ ಮುನಿಗಂಗಮ್ಮನಿಗೆ ಕಾಣುತ್ತಿದ್ದದ್ದು ಒಂದೇ: ಗುಟ್ಟೆಯ ಬುಡದ ಬಯಲಿನಲ್ಲಿ ಮಲಗಿದ್ದ ಹದಿನಾಲ್ಕು ಅಡಿಯ ಸೀರೆಗಲ್ಲು.

ಆ ಕಲ್ಲನ್ನು ಕದಿರಪ್ಪ ಬಾರಿಸಿ ನೋಡಿ "ಕಂಚು" ಅಂದಿದ್ದ, ಅಂದರೆ ಬಿರುಕಿಲ್ಲದ್ದು. ಅವಳು ಊರಲ್ಲಿ ಇಲ್ಲದಾಗ ಅಂದಿದ್ದ.

ಗುಮ್ಮಳಾಪುರದ ಅಶ್ವತ್ಥಪ್ಪ ಗೌಡರು ಗಾಡಿಯಿಂದ ಇಳಿದು ಬಂದರು. ಊರ ದೇವಸ್ಥಾನದ ಮುಂದೆ ಮಂಟಪ ಕಟ್ಟಿಸುತ್ತಿದ್ದವರು ಅವರೇ. ಆ ಸೀರೆಗಲ್ಲು ಅದರ ಮುಂಗಂಬ ಆಗಬೇಕಾಗಿತ್ತು. ಸೇವಂತಿಗೆ ಹಾರವನ್ನು ಕದಿರಪ್ಪನ ಎದೆಯ ಮೇಲಿಟ್ಟು, ಪೇಟ ತೆಗೆದು ಕೈಮುಗಿದರು.

"ಗಂಗಮ್ಮ, ಸಾವಿನ ಮನೇಲಿ ಆಡೋ ಮಾತಲ್ಲ ಇದು. ಆದ್ರೂ ನಿನ್ನ ಸಮಾಧಾನಕ್ಕೆ ಹೇಳ್ತೀನಿ. ನನ್ನ ಮಂಟಪದ ಮುಂಗಂಬ ಅವನು ನೋಡಿದ ಕೊನೇ ಕಲ್ಲು. ಇನ್ನು ನೂರು ವರ್ಸ ಅದು ನಿಂತಿರ್‍ತದೆ, ಅವನ ಹೆಸರೂ ನಿಂತಿರ್‍ತದೆ." ಆಮೇಲೆ ಮರದ ಕಡೆ ತಿರುಗಿ, "ಏನ್ ಮೇಸ್ತ್ರಿ, ನಾಳೆ ಬೆಳಗ್ಗೆ ಗಾಡಿ ತರ್‍ತೀನಿ. ಇನ್ನು ಸಬೂಬು ಹೇಳ್ಬೇಡ. ಪ್ರತಿಷ್ಠೆಗೆ ದಿನ ಕಟ್ಟಿಸಿ ಆಗೈತೆ."

ಮೇಸ್ತ್ರಿ ಚಿಕ್ಕಮುನಿಯಪ್ಪ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ತಲೆ ಎತ್ತಲಿಲ್ಲ. "ನೋಡಾನ ಗೌಡ್ರೆ."

"ಏನ್ ನೋಡೋದು? ಹತ್ತು ದಿನದಿಂದ ಬರೀ ನೋಡಾನ ನೋಡಾನ. ಒಂದಿನ ಹಗ್ಗ ಸಾಲದು ಅಂದೆ. ಇನ್ನೊಂದಿನ ಎತ್ತಿಗೆ ಲಾಳ ಇಲ್ಲ ಅಂದೆ. ಯುದ್ಧ ನಿಂತು ಆರು ತಿಂಗ್ಳಾಗ್ತಾ ಬಂತು, ಇನ್ನೂ ನಿಂಗೆ ಹಗ್ಗ ಸಿಗಲಿಲ್ವಾ?"

"ಸಿಗ್ತದೆ."

"ಕದಿರಪ್ಪ ಕಂಚು ಅಂದ ಮೇಲೆ ನಂಗೆ ಇನ್ಯಾರ ಮಾತೂ ಬೇಕಾಗಿಲ್ಲ. ಎತ್ತುವಾಗ ಕಲ್ಲಿನ ಕೆಳಿಕ್ಕೆ ಯಾರು ಹೋಗ್ತಾರೆ, ಉರುಳೆ ದಿಮ್ಮಿ ಕೊಡಾಕೆ?"

"ನಾನೇ, ಗೌಡ್ರೆ," ಎಂದ ಆವುಲಪ್ಪ. ಕದಿರಪ್ಪನ ಒಬ್ಬನೇ ಮಗ. ಇಪ್ಪತ್ತನಾಲ್ಕರ ಹುಡುಗ, ಆಗಷ್ಟೇ ತಲೆ ಬೋಳಿಸಿಕೊಂಡಿದ್ದ. ಬೋಳುತಲೆಯಲ್ಲಿ ಅಪ್ಪನ ಹಾಗೇ ಕಾಣುತ್ತಿದ್ದ.

ಮುನಿಗಂಗಮ್ಮನ ಕೈಯ ಪೊರಕೆಕಡ್ಡಿ ಮುರಿಯಿತು.

*

ಕರಡಿಗುಟ್ಟೆಯಲ್ಲಿ ಎರಡು ಜಾತಿಯ ಕಲ್ಲು. ಒಂದು ಕರಿಕಲ್ಲು. ಇದ್ದಿಲಿನ ಹಾಗೆ ಒಂದೇ ಬಣ್ಣ, ಉಳಿಗೆ ಒಗ್ಗುತ್ತದೆ. ವಿಗ್ರಹಕ್ಕೆ ಅದು. ಇನ್ನೊಂದು ಸೀರೆಗಲ್ಲು. ನಸುಗೆಂಪು ನೆಲದ ಮೇಲೆ ಬಿಳಿ, ಬೂದಿ, ಕಪ್ಪು ಅಲೆಗಳು ಒಂದರ ಹಿಂದೊಂದು ಹರಿದು, ಯಾರೋ ಸೀರೆ ಒಗೆದು ಬಂಡೆಯ ಮೇಲೆ ಹರವಿ ಮರೆತು ಹೋದ ಹಾಗೆ. ನಡುನಡುವೆ ಕಾಗೆಬಂಗಾರದ ಚುಕ್ಕಿ. ಮೊದಲು ಮರಳು, ಆಮೇಲೆ ಸಾಣೆಪುಡಿ ಹಾಕಿ ನೀರು ಬಿಟ್ಟು ವಾರಗಟ್ಟಲೆ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಎಣ್ಣೆ ಚೆಲ್ಲಿದರೆ ಕುಡಿಯುವುದಿಲ್ಲ, ಹುಣಿಸೆಹುಳಿಗೆ ಕರೆ ಹಿಡಿಯುವುದಿಲ್ಲ, ಬಿಸಿಲು ಮಳೆಗೆ ಜಗ್ಗುವುದಿಲ್ಲ. ಬಂಡೆಯ ಮೇಲೆ ಸೌದೆಯ ಸಾಲು ಹಚ್ಚಿ ಕಾಯಿಸಿದರೆ ಹಪ್ಪಳದ ಹಾಗೆ ಪದರ ಬಿಟ್ಟು ಏಳುತ್ತದೆ. ಕಂಬಕ್ಕೆ, ಹೊಸ್ತಿಲಿಗೆ, ಶ್ರೀಮಂತರ ಮನೆಯ ತೊಟ್ಟಿಗೆ ಅದರಷ್ಟು ಚಂದದ್ದು ಇನ್ನಿಲ್ಲ.

ಅದರ ಕೆಟ್ಟ ಗುಣ ಒಂದೇ. ಕರಿಕಲ್ಲಿನಲ್ಲಿ ಬಿರುಕಿದ್ದರೆ ಗೆರೆ ಕಾಣುತ್ತದೆ. ಸೀರೆಗಲ್ಲಿನಲ್ಲಿ ಬಿರುಕು ಅಲೆಯ ಜೊತೆ ಅಲೆಯಾಗಿ ಅಡಗಿರುತ್ತದೆ. ಕಣ್ಣಿಗೆ ಸಿಗುವುದಿಲ್ಲ, ಕಿವಿಗೆ ಮಾತ್ರ. ಸಣ್ಣ ಸುತ್ತಿಗೆಯಿಂದ ಬಾರಿಸಿದರೆ ಗಟ್ಟಿ ಕಲ್ಲು ಗಂಟೆಯ ಹಾಗೆ ಎಳೆದು ನುಡಿಯುತ್ತದೆ. ಅದು ಕಂಚು. ಒಳಗೆ ಬಿರಿದದ್ದು ಒಣಮಣ್ಣಿನ ಹೆಂಟೆಯ ಹಾಗೆ ತಟ್ಟೆಂದು ಸುಮ್ಮನಾಗುತ್ತದೆ. ತೀರ ಕೆಟ್ಟದ್ದು ಯಾರಿಗಾದರೂ ಗೊತ್ತಾಗುತ್ತದೆ. ಕೂದಲೆಳೆಯಷ್ಟು ಬಿರಿದದ್ದನ್ನು ಹೇಳಬಲ್ಲ ಕಿವಿ ಆ ಸೀಮೆಯಲ್ಲಿ ಕದಿರಪ್ಪನದು ಒಂದೇ.

ಎಂಟು ವರ್ಷದ ಹಿಂದೆ, ಕಲ್ಲಿನ ತೂತಿಗೆ ತುಂಬಿದ ಮದ್ದು ಹೊತ್ತಿಗೆ ಮುಂಚೆ ಸಿಡಿದು, ಅವನ ಎರಡು ಕಿವಿಯಿಂದಲೂ ರಕ್ತ ಬಂತು. ವಾಸಿಯಾಯಿತು. ಮಾತು ಸ್ವಲ್ಪ ಕೇಳುವುದಿಲ್ಲ, ಜೋರಾಗಿ ಹೇಳಿ ಎಂದ ಅವನು. ಕಲ್ಲಿನ ವಿಷಯ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ವರ್ಷವೇ ಒಂದು ಕಂಬದ ಕಲ್ಲಿಗೆ ಕಂಚು ಅಂದ. ಎತ್ತುವಾಗ ಅದು ನಡುವಿಗೆ ಮುರಿದು ಕೆಳಗಿದ್ದ ಕೊಂಡಪ್ಪನ ಕಾಲಿನ ಮೇಲೆ ಬಿತ್ತು.

ಒಂದು ತಿಂಗಳು ಕದಿರಪ್ಪ ಗುಟ್ಟೆಗೆ ಹೋಗಲಿಲ್ಲ. ಹಿತ್ತಿಲಿನಲ್ಲಿ ಕೂತು ಒಗೆಯುವ ಕಲ್ಲು, ಒರಳು, ಬೀಸುವ ಕಲ್ಲು, ಒಂದೊಂದನ್ನೇ ಬಾರಿಸುತ್ತಿದ್ದ. ಬಾರಿಸಿ ತಲೆ ವಾಲಿಸಿ ಕಾಯುತ್ತಿದ್ದ. ಒಂದು ಮಧ್ಯಾಹ್ನ ಮುನಿಗಂಗಮ್ಮ ಮುದ್ದೆಯ ಕೋಲನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು ಕೇಳಿದಳು:

"ಏನ್ ಹುಡುಕ್ತಾ ಇದ್ದೀಯ?"

ಅವನಿಗೆ ಕೇಳಿಸಲಿಲ್ಲ. ಅವಳು ಎದುರಿಗೆ ಹೋಗಿ ನಿಂತಳು. ಅವನು ಒರಳನ್ನು ಬಾರಿಸಿ, ಅವಳ ಮುಖ ನೋಡಿ, "ಏನನ್ನುತ್ತೆ ಇದು?" ಎಂದ.

"ಏನನ್ನುತ್ತೆ? ಕಂಚು. ಬಾಯಿ ಹತ್ರ ಸ್ವಲ್ಪ ಹೆಂಟೆ. ಹೋದ ವರ್ಸ ನೀನೇ ಬೀಳಿಸಿ ಬಿರಿಸಿದ್ದಲ್ವ."

ಅವನು ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಗುಟ್ಟೆಗೆ ನೀರು ಹೊರುತ್ತಿದ್ದವಳು ಅವಳು. ಉಳಿ ತಣಿಸಲು ನೀರು, ಗಂಡಸರು ಕುಡಿಯಲು ನೀರು. ಮೂವತ್ತೈದು ವರ್ಷ ಸೊಂಟದಲ್ಲಿ ಬಿಂದಿಗೆ ಹೊತ್ತು ನಿಂತವಳ ಕಿವಿಗೆ ಏನು ಬೀಳುತ್ತಿತ್ತು ಎಂದು ಯಾರೂ ಎಣಿಸಿರಲಿಲ್ಲ. ಗುಟ್ಟೆಯಲ್ಲಿ ಹೆಂಗಸರು ಸುತ್ತಿಗೆ ಮುಟ್ಟುವುದಿಲ್ಲ. ಕಿವಿಗೆ ಆ ಕಟ್ಟಳೆ ಇರಲಿಲ್ಲ.

ಮರುದಿನ ಅವನು ಸುತ್ತಿಗೆ ತೆಗೆದುಕೊಂಡು ಹೊರಟ. ಅವಳೂ ಬಿಂದಿಗೆ ತುಂಬಿಕೊಂಡು ಹೊರಟಳು. ಇಬ್ಬರೂ ಏನೂ ಮಾತಾಡಿಕೊಂಡಿರಲಿಲ್ಲ. ಅವನು ಕಲ್ಲನ್ನು ಬಾರಿಸಿದ. ಕಂಚು ಕೇಳಿತು. ಅವಳು ದಣಿದವಳ ಹಾಗೆ ಬಿಂದಿಗೆಯನ್ನು ಆ ಕಲ್ಲಿನ ಮೇಲೆ ಇಳಿಸಿದಳು. ಇನ್ನೊಂದು ಕಲ್ಲು ಹೆಂಟೆ ಅಂದಿತು. ಅವಳು ಬಿಂದಿಗೆಯನ್ನು ಎಡಸೊಂಟದಿಂದ ಬಲಸೊಂಟಕ್ಕೆ ಬದಲಾಯಿಸಿದಳು. ಅವನು ಕಣ್ಣಂಚಿನಲ್ಲಿ ನೋಡಿ, ಸ್ವಲ್ಪ ಹೊತ್ತು ತಲೆ ವಾಲಿಸಿ ನಿಂತು, "ಇದು ಬ್ಯಾಡ್ರಲಾ," ಎಂದ.

ಅಂದಿನಿಂದ ಎಂಟು ವರ್ಷ, ಅವನ ಮಾತು ಒಂದೂ ತಪ್ಪಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಒಂದೊಂದು ಸಲ ಅವನು ಬಿಂದಿಗೆಯನ್ನು ತಾನೇ ಹೊರುತ್ತಿದ್ದ. ನೋಡಿದವರು ಮುದುಕನಿಗೆ ಹೆಂಡತಿಯ ಮೇಲೆ ಈಗ ಆಸೆ ಹುಟ್ಟಿತು ಎಂದು ಕೂಗಿ ಹೇಳುತ್ತಿದ್ದರು. ಅವನಿಗೆ ಕೇಳಿಸುತ್ತಿರಲಿಲ್ಲ. ಅವಳಿಗೆ ಕೇಳಿಸುತ್ತಿತ್ತು.

*

ಹೆಣಕ್ಕೆ ನೀರು ಹಾಕಿ ಹೊಸ ಪಂಚೆ ಉಡಿಸುವ ಹೊತ್ತಿಗೆ ಬಿಸಿಲು ಏರಿತು. ಕದಿರಪ್ಪನ ಸಣ್ಣ ಸುತ್ತಿಗೆಯನ್ನು ಅವನ ಎದೆಯ ಮೇಲೆ ಇಟ್ಟರು. ಹಿಡಿ ಸವೆದು ನಡುವೆ ಸಣ್ಣಗಾಗಿದ್ದ ಸುತ್ತಿಗೆ.

ಮಗನನ್ನು ಒಳಗೆ ಕರೆದು ಹೇಳಿಬಿಡಬೇಕು ಎಂದು ಮುನಿಗಂಗಮ್ಮ ಮೂರು ಸಲ ಎದ್ದಳು. ಒಂದು ಸಲ ಜವಳಗಿರಿಯಿಂದ ಮಗಳು ಕೈಗೂಸಿನೊಂದಿಗೆ ಬಂದು ಕೊರಳಿಗೆ ಬಿದ್ದಳು. ಇನ್ನೊಂದು ಸಲ ತಳಿ ಊರಿನಿಂದ ನೆಂಟರು ಬಂದರು. ಮೂರನೆಯ ಸಲ ಆವುಲಪ್ಪ ಒಲೆಯ ಹತ್ತಿರ ಒಬ್ಬನೇ ಸಿಕ್ಕ.

"ಆವುಲ."

"ಏನಮ್ಮ?"

ಅವನ ಕಣ್ಣು ಊದಿಕೊಂಡಿತ್ತು. ಹೊರಗೆ ಅಶ್ವತ್ಥಪ್ಪನವರ ಗಂಟಲು ಕೇಳುತ್ತಿತ್ತು: "ಎಂಟು ವರ್ಸದಲ್ಲಿ ಒಂದು ಕಲ್ಲು ತಪ್ಪಿದ್ರೆ ಹೇಳ್ರಪ್ಪ, ನಾನು ಮೀಸೆ ಬೋಳಿಸ್ತೀನಿ!"

ಏನೆಂದು ಹೇಳುವುದು? ನಿಮ್ಮಪ್ಪನಿಗೆ ಕಲ್ಲೂ ಕೇಳುತ್ತಿರಲಿಲ್ಲ ಕಣಪ್ಪ ಅನ್ನುವುದೇ? ಇನ್ನೂ ಮನೆಯಿಂದ ಎತ್ತಿಲ್ಲ, ಇನ್ನೂ ಅಂಗಳದಲ್ಲಿದ್ದಾನೆ.

"ಒಂದಿಷ್ಟು ನೀರು ಕುಡಿ," ಎಂದಳು.

"ಕುಡಿದೆ." ಅವನು ಮೂಲೆಯಲ್ಲಿದ್ದ ಹಿತ್ತಾಳೆ ಬಿಂದಿಗೆಯನ್ನು ಎತ್ತಿಕೊಂಡ. ಬಳಸಿ ಬಳಸಿ ಒಂದು ಪಕ್ಕ ಅವಳ ಸೊಂಟದ ಅಳತೆಗೆ ತಗ್ಗು ಬಿದ್ದಿದ್ದ ಬಿಂದಿಗೆ. "ಇದನ್ನ ತುಂಬಿಸ್ಕಂಡ್ ಬತ್ತೀನಿ."

ಅಂಗಳದಲ್ಲಿ ಇದಕ್ಕೊಂದು ಸಣ್ಣ ಗಲಾಟೆಯೇ ಆಯಿತು. ಕರಡಿಗುಟ್ಟೆಯಲ್ಲಿ ಕಲ್ಲಿನ ಕೆಲಸದವನು ಸತ್ತರೆ ಹೆಣ ನೇರವಾಗಿ ಗುಂಡಿಗೆ ಹೋಗುವುದಿಲ್ಲ. ಮೊದಲು ಗುಟ್ಟೆಯ ಬಯಲಿಗೆ ಹೋಗಿ, ಅವನು ಕೊನೆಗೆ ಕೈಯಿಟ್ಟ ಕಲ್ಲಿನ ಪಕ್ಕದಲ್ಲಿ ಇಳಿಯುತ್ತದೆ. ಹೆಂಡತಿ ಆ ಕಲ್ಲಿಗೆ ನೀರು ಹಾಕಬೇಕು. ಜೊತೆಯವರು ಮೂವರು ಮೂರು ಪೆಟ್ಟು ಹಾಕಬೇಕು. ಕಲ್ಲಿಗೆ ಹೇಳಿ ಹೋಗುವುದು ಅಂತ ಅದರ ಹೆಸರು.

"ಸಾವಿನ ನೀರಿಗೆ ಹೊಸ ಮಡಕೆ ಬೇಕಲ್ರಪ್ಪ," ಎಂದರು ತಳಿಯ ನೆಂಟರಲ್ಲಿ ಹಿರಿಯರು. "ಮನೇ ಬಿಂದಿಗೆ ಯಾರಾದ್ರೂ ತಗೋತಾರಾ?"

"ಅತ್ಗೆ ಬಿಂದಿಗೇನೇ ಇರ್‍ಲಿ," ಎಂದ ಚಿಕ್ಕಮುನಿಯಪ್ಪ.

"ಪದ್ಧತಿ ಅಂತ ಒಂದು..."

"ಇರ್‍ಲಿ ಅಂದ್ನಲ್ಲ." ಕಲ್ಲಿಗೆ ತೆಲುಗಿನಲ್ಲಿ, ಎತ್ತಿಗೆ ತಮಿಳಿನಲ್ಲಿ, ಮನುಷ್ಯರಿಗೆ ಕನ್ನಡದಲ್ಲಿ ಬಯ್ಯುವವನು ಚಿಕ್ಕಮುನಿಯಪ್ಪ. ಇವತ್ತು ಯಾವ ಭಾಷೆಯಲ್ಲೂ ಬಯ್ಯಲಿಲ್ಲ. ಅದಕ್ಕೇ ನೆಂಟರು ಸುಮ್ಮನಾದರು.

ಮುನಿಗಂಗಮ್ಮ ಬಿಂದಿಗೆಯನ್ನು ಎಡಸೊಂಟಕ್ಕೆ ಏರಿಸಿದಳು. ಮೂರು ಪೆಟ್ಟು. ಅವಳಿಗೆ ಬೆಳಗ್ಗಿನಿಂದ ಬೇಕಾಗಿದ್ದದ್ದೂ ಅದೇ, ಭಯವಿದ್ದದ್ದೂ ಅದಕ್ಕೇ. ತಾನು ಸುತ್ತಿಗೆ ಮುಟ್ಟುವ ಹಾಗಿಲ್ಲ. ಬೇರೆಯವರು ಬಾರಿಸಿದರೆ ಕೇಳಬಹುದು. ಕಂಚು ಬಂದರೆ ಸರಿ, ಅವನ ಗುಟ್ಟು ಅವನ ಜೊತೆ ಮಣ್ಣಿಗೆ ಹೋಗಲಿ. ಬರದಿದ್ದರೆ?

*

ಅವಳು ಮಗಳ ಬಾಣಂತನಕ್ಕೆ ಜವಳಗಿರಿಗೆ ಹೋಗಿದ್ದು ಹದಿನೈದು ದಿನಕ್ಕೆ. ವಾಪಸು ಹೊರಡುವ ದಿನ ಆನೆಗಳು ದಾರಿಯಲ್ಲಿ ಬೀಡುಬಿಟ್ಟು ಇನ್ನೂ ಐದು ದಿನ ನಿಲ್ಲಿಸಿದವು. ಮನೆಗೆ ಬಂದಾಗ ಕದಿರಪ್ಪ ತಾನೇ ಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ ಕಾದಿದ್ದ. ಸಾರಿಗೆ ಉಪ್ಪಿರಲಿಲ್ಲ. ಅವಳು ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡಳು.

"ನೀನಿಲ್ದಾಗ ಒಂದ್ ಕಲ್ಲು ನೋಡ್ದೆ," ಎಂದ ಅವನು, ತಟ್ಟೆಯ ಕಡೆ ನೋಡುತ್ತಾ. "ಸೀರೆಗಲ್ಲು. ಗೌಡ್ರು ಎದುರಿಗೇ ನಿಂತ್ಕಂಡ್ರು. ನಾಳೆ ಬಾ ಅನ್ನೋಕೆ ಆಗ್ಲಿಲ್ಲ."

ಅವಳ ಕೈ ತುತ್ತಿನಲ್ಲೇ ನಿಂತಿತು. ಬಾಯಿ ಅಗಲವಾಗಿ ಅಲ್ಲಾಡಿಸಿ, ಅವನಿಗೆ ತಿಳಿಯುವ ಹಾಗೆ ಕೇಳಿದಳು: "ಹೆಂಗೆ ನೋಡ್ದೆ?"

"ಒಂದ್ ಕೈ ಕಲ್ಲಿನ ಮೇಲಿಟ್ಟೆ. ಇನ್ನೊಂದ್ ಕೈಲಿ ಬಾರಿಸ್ದೆ. ಅದುರು ಬಂತು ಕಣೆ, ಮೊಣಕೈವರ್‍ಗೂ ಬಂತು. ಚಂದದ ಕಲ್ಲು. ನಿನ್ ಮದುವೆ ಸೀರೆ ಅಂಚು ಇದ್ದಂಗೆ ಐತೆ."

ಅವನಿಗೆ ಅನುಮಾನವಿತ್ತು. ಅನುಮಾನ ಇಲ್ಲದಿದ್ದರೆ ಅವನು ಸೀರೆಯ ಅಂಚಿನ ಮಾತು ಎತ್ತುವವನಲ್ಲ.

"ಬೆಳಗ್ಗೆ ನೀರು ತಗೊಂಡ್ ಬತ್ತೀನಿ," ಎಂದಳು. ಅವನು ಮಗುವಿನ ಹಾಗೆ ತಲೆಯಾಡಿಸಿದ.

ಬೆಳಗ್ಗೆ ಅವನ ಮೈ ಕೆಂಡವಾಗಿತ್ತು. ಜ್ವರದಲ್ಲಿ ಅವನು ಆಡಿದ್ದು ಹೆಚ್ಚಿಲ್ಲ. ಎರಡು ಸಲ "ನೀರು ತಗೊಂಡು ಹೋದ್ಯಾ?" ಎಂದು ಕೇಳಿದ. ಬಾಯಾರಿರಬೇಕು ಎಂದು ರಾಮಕ್ಕ ಚೆಂಬು ಹಿಡಿದಳು. ಮುನಿಗಂಗಮ್ಮ ಮಾತ್ರ ಅವನ ಅಂಗೈಯನ್ನು ಒತ್ತಿ ಹಿಡಿದಳು.

*

ತಮಟೆ ಮುಂದೆ, ಚಟ್ಟ ನಡುವೆ, ಹೆಂಗಸರು ಹಿಂದೆ. ಗುಂಡಿಯವರೆಗೆ ಹೆಂಗಸರು ಹೋಗುವುದಿಲ್ಲ, ಬಯಲಿನವರೆಗೆ ಹೋಗುತ್ತಾರೆ. ಕಲ್ಲುಚೂರಿನ ದಾರಿಯಲ್ಲಿ ಕೊಂಡಪ್ಪ ಊರುಗೋಲು ಊರಿಕೊಂಡು ಎಲ್ಲರಿಗಿಂತ ಮುಂದೆ ಹೋದ. ಯಾರೋ ಗಾಡಿಯಲ್ಲಿ ಕೂತುಕೋ ಅಂದರೆ, "ನಡ್ಕಂಡ್ ಬತ್ತೀನಿ. ನನ್ ಕಾಲು ಹೋದಾಗ ಅವ್ನು ನನ್ನ ನೋಡಾಕೆ ವಾರಕ್ಕೊಂದ್ ಸಲ ನಡ್ಕಂಡ್ ಬಂದವ್ನೆ, ಹೊಸೂರ್ ಆಸ್ಪತ್ರೆಗೆ," ಎಂದ.

ಸೀರೆಗಲ್ಲು ಬಯಲಿನ ನಡುವೆ ನಾಲ್ಕು ಗುಂಡುಕಲ್ಲುಗಳ ಮೇಲೆ ಮಲಗಿತ್ತು, ಬುಡದಲ್ಲಿ ಉರುಳೆಗಳು ಕಾದಿದ್ದವು. ಚಟ್ಟವನ್ನು ಪಕ್ಕದಲ್ಲಿ ಇಳಿಸಿದರು. ಮುನಿಗಂಗಮ್ಮ ಮುಂದೆ ಬಂದು ಬಿಂದಿಗೆಯನ್ನು ವಾಲಿಸಿ ಕಲ್ಲಿನ ಉದ್ದಕ್ಕೂ ನೀರು ಹಾಕಿದಳು. ಧೂಳು ತೊಳೆದು ಹೋಯಿತು. ಒಣಗಿದ್ದಾಗ ಮಂಕಾಗಿದ್ದ ಅಲೆಗಳು ಒಂದೊಂದಾಗಿ ಎದ್ದವು. ಬಿಳಿ, ಬೂದಿ, ಕಪ್ಪು, ನಸುಗೆಂಪು. ಹೌದು, ಅವಳ ಮದುವೆ ಸೀರೆಯ ಅಂಚೇ. ಅವನು ಸುಳ್ಳು ಹೇಳಿರಲಿಲ್ಲ.

ಅರ್ಧ ಬಿಂದಿಗೆ ನೀರು ಉಳಿಯಿತು. ಮತ್ತೆ ಎಡಸೊಂಟಕ್ಕೆ ಏರಿಸಿಕೊಂಡು ಹಿಂದೆ ಸರಿದು ನಿಂತಳು.

ಮೊದಲ ಪೆಟ್ಟು ಕೊಂಡಪ್ಪನದು. ಊರುಗೋಲನ್ನು ಕಂಕುಳಿಗೆ ಕೊಟ್ಟು, ಕಲ್ಲಿನ ತಲೆಯ ಕಡೆ ಬಾರಿಸಿದ. ಕಂಚೇ. ಆದರೆ ಎಳೆಯಬೇಕಾದಷ್ಟು ಎಳೆಯಲಿಲ್ಲ.

ಎರಡನೆಯದು ಆವುಲಪ್ಪನದು, ಬುಡದ ಕಡೆ. ಅದೂ ಹಾಗೇ. ಶುರುವಿನಲ್ಲಿ ಗಂಟೆ, ಕೊನೆಯಲ್ಲಿ ಯಾರೋ ಗಂಟೆಯನ್ನು ಕೈಯಲ್ಲಿ ಹಿಡಿದ ಹಾಗೆ.

ಮೂರನೆಯದಕ್ಕೆ ಚಿಕ್ಕಮುನಿಯಪ್ಪ ಬಂದ. ಕಲ್ಲಿನ ಉದ್ದಕ್ಕೂ ನಿಧಾನವಾಗಿ ನಡೆದು, ಕಪ್ಪು ಅಲೆಯೊಂದು ಅಡ್ಡ ಹಾಯುವ ಕಡೆ, ನಡುವಿಗೆ ಒಂದು ಮೊಳ ಆಚೆ ನಿಂತು, ಸುತ್ತಿಗೆ ಎತ್ತಿದ.

ಹೆಂಟೆ.

ಬಿಂದಿಗೆ ಎಡಸೊಂಟದಿಂದ ಬಲಸೊಂಟಕ್ಕೆ ಹೋಗಿತ್ತು. ಎಂಟು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡಿತು. ಅರ್ಧದಲ್ಲಿ ತಡೆಯಬಹುದಾಗಿತ್ತು. ಅವಳ ಕಣ್ಣು ಮಗನ ಬೋಳುತಲೆಯ ಮೇಲಿತ್ತು. ತಡೆಯಲಿಲ್ಲ.

ಆಮೇಲೆ ಅವಳು ತಲೆ ಎತ್ತಿದಳು.

ಯಾರೂ ಕಲ್ಲನ್ನು ನೋಡುತ್ತಿರಲಿಲ್ಲ. ಯಾರೂ ಹೆಣವನ್ನೂ ನೋಡುತ್ತಿರಲಿಲ್ಲ. ಚಿಕ್ಕಮುನಿಯಪ್ಪ, ಕೊಂಡಪ್ಪ, ಚಟ್ಟ ಹೊತ್ತು ಬಂದ ನಾಲ್ವರು, ಹಗ್ಗ ಎಳೆಯುವವರು, ಕೊನೆಗೆ ಆವುಲಪ್ಪನೂ ಸೇರಿ, ಗುಟ್ಟೆಯ ಅಷ್ಟೂ ಗಂಡಸರು ಅವಳ ಬಿಂದಿಗೆಯನ್ನು ನೋಡುತ್ತಿದ್ದರು.

ಅವಳಿಗೆ ನೆನಪಾಯಿತು. ಕದಿರಪ್ಪ ಕಲ್ಲು ಬಾರಿಸುವಾಗಲೆಲ್ಲ ಇವರು ಹೀಗೇ ಅವಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನೀರಿಗೆ ಕಾಯುತ್ತಿದ್ದಾರೆ ಎಂದುಕೊಂಡಿದ್ದಳು. ಪಾಪ, ಬಿಸಿಲಲ್ಲಿ ಬಾಯಾರಿರುತ್ತದೆ ಎಂದು.

ಚಿಕ್ಕಮುನಿಯಪ್ಪ ಸುತ್ತಿಗೆ ಇಳಿಸಿದ. "ಆವುಲ, ಆ ಉರುಳೆಗಳ್ನ ತಗದಾಕ್ಲಾ."

"ಯಾಕಪ್ಪ?" ಅಶ್ವತ್ಥಪ್ಪನವರು ಮುಂದೆ ಬಂದರು. "ನಾಳೆ ಎತ್ತೋ ಕಲ್ಲು!"

"ಎತ್ತಲ್ಲ ಗೌಡ್ರೆ. ಕದ್ರಣ್ಣ ಬ್ಯಾಡ ಅಂದ."

"ನನ್ನೆದುರಿಗೇ ಕಂಚು ಅಂದಿದ್ನಲ್ಲಯ್ಯ! ಬ್ಯಾಡ ಅಂತ ಯಾವಾಗ ಅಂದ?"

"ಈಗ."

ಅಶ್ವತ್ಥಪ್ಪನವರು ಹೆಣವನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. "ನಿಂಗೇನ್ ತಲೆ ಕೆಟ್ಟಿದ್ಯಾ?"

"ನಿಮಗೆ ಕಂಚು ಅಂದಿರ್‍ಬೈದು. ನಮಗೆ ಅಂದಿರ್‍ಲಿಲ್ಲ. ಅದಕ್ಕೇ ಹತ್ತು ದಿವ್ಸದಿಂದ ಹಗ್ಗ ಸಿಕ್ಕಿರ್‍ಲಿಲ್ಲ," ಎಂದ ಚಿಕ್ಕಮುನಿಯಪ್ಪ. "ಬೆಣೆ ತಗಂಬರ್ರಲಾ."

ಅವನು ಬಾರಿಸಿದ ಕಡೆಯೇ ಕಪ್ಪು ಅಲೆಯ ಮೇಲೆ ನಾಲ್ಕು ಕಬ್ಬಿಣದ ಬೆಣೆ ಇಟ್ಟರು. ಗಟ್ಟಿ ಸೀರೆಗಲ್ಲಾದರೆ ಅಷ್ಟು ದಪ್ಪ ಸೀಳಲು ಅರ್ಧ ದಿನ ಬೇಕು. ದೊಡ್ಡ ಸುತ್ತಿಗೆಯ ನಾಲ್ಕನೆಯ ಪೆಟ್ಟಿಗೆ ಕಲ್ಲು ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ಬಾಯಿಬಿಟ್ಟಿತು. ಒಳಗಿನ ಮುಖ ಹೊಸ ಕಲ್ಲಿನ ಹಾಗೆ ಮಿನುಗಲಿಲ್ಲ. ಅರ್ಧಕ್ಕರ್ಧ ತುಕ್ಕಿನ ಬಣ್ಣ. ಎಷ್ಟೋ ಕಾಲದಿಂದ ನೀರು ಇಳಿದು ಇಳಿದು ಆದ ಕೆಂಪು.

ಅಶ್ವತ್ಥಪ್ಪನವರು ಬಗ್ಗಿ ಆ ಕೆಂಪನ್ನು ಬೆರಳಿನಿಂದ ಮುಟ್ಟಿದರು. ಬೆರಳಿಗೆ ಮಣ್ಣು ಅಂಟಿತು. ಅವರು ಎದ್ದು, ಪೇಟ ಕಂಕುಳಲ್ಲಿಟ್ಟುಕೊಂಡು ಚಟ್ಟದ ಹತ್ತಿರ ಹೋಗಿ ಕದಿರಪ್ಪನ ಪಾದ ಮುಟ್ಟಿದರು.

"ಸತ್ತ ಮೇಲೂ ಕಿವಿ ಕೊಟ್ಟವ್ನಲ್ರಪ್ಪ. ಇಂಥದ್ದು ನಾನು ಕೇಳಿರ್‍ಲಿಲ್ಲ."

"ಅವ್ನು ಹಂಗೇ, ಗೌಡ್ರೆ," ಎಂದ ಕೊಂಡಪ್ಪ, ಬಹಳ ಗಂಭೀರವಾಗಿ. "ಬದುಕಿದ್ದಾಗ್ಲೂ ಹಿಂಗೇ ಕೇಳಿಸ್ಕತಿದ್ದ." ಆಮೇಲೆ ಅವನಿಗೆ ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೂ ಕಣ್ಣು ಒರೆಸಿಕೊಂಡ.

"ಈ ಕಡೆ ತುಂಡು ಅಣ್ಣಂಗೆ," ಎಂದ ಚಿಕ್ಕಮುನಿಯಪ್ಪ. "ಚಪ್ಪಡಿ ಮಾಡಿ ಗುಂಡಿ ಮೇಲೆ ಹಾಕಾನ. ನಿಮ್ ಕಂಬಕ್ಕೆ ಆ ಕಡೇದು ಸಾಕಾಗ್ತದಾ, ಗೌಡ್ರೆ? ಎಂಟಡಿ ಬತ್ತದೆ."

"ಎಂಟಡಿ ಸಾಕು. ಮಂಟಪಾನೇ ಸ್ವಲ್ಪ ತಗ್ಗಿಸ್ತೀನಿ. ಆದ್ರೆ ಆ ತುಂಡು ಗಟ್ಟಿನಾ? ಇನ್ನು ಯಾರನ್ನ ಕೇಳೋದು?"

ಆವುಲಪ್ಪ ಚಟ್ಟದ ಹತ್ತಿರ ಹೋಗಿ, ಅಪ್ಪನ ಎದೆಯ ಮೇಲಿದ್ದ ಸಣ್ಣ ಸುತ್ತಿಗೆಯನ್ನು ಎರಡು ಕೈಯಿಂದ ಎತ್ತಿಕೊಂಡ. ಎಂಟಡಿಯ ತುಂಡಿನ ಮುಂದೆ ನಿಂತು, ಅಪ್ಪನ ಹಾಗೇ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ. ಅಮ್ಮನ ಕಡೆ ನೋಡಲಿಲ್ಲ. ಬಾರಿಸಿದ.

ಸದ್ದು ಎದ್ದು ಗುಟ್ಟೆಯ ಬೋಳು ನೆತ್ತಿಗೆ ತಾಗಿ ತಿರುಗಿ ಬಂತು. ಮುನಿಗಂಗಮ್ಮ ನಾಲ್ಕು ಹೆಜ್ಜೆ ಮುಂದೆ ಬಂದು, ದಣಿದವಳ ಹಾಗೆ, ಬಿಂದಿಗೆಯನ್ನು ಆ ಕಲ್ಲಿನ ಮೇಲೆ ಇಳಿಸಿದಳು. ಕಲ್ಲು ಇನ್ನೂ ನುಡಿಯುತ್ತಿತ್ತು. ಬಿಂದಿಗೆಯೊಳಗಿನ ನೀರಿನಲ್ಲಿ ಉಂಗುರಗಳು ಒಂದರ ಹಿಂದೊಂದು ನಡುವಿನಿಂದ ಅಂಚಿಗೆ ಹೋಗಿ, ಅಂಚಿನಿಂದ ನಡುವಿಗೆ ಬರುತ್ತಿದ್ದವು.